ಟೇಲರ್ ಮಾಮನ ಸೊಂಟ

ಆ ದಿನದ ರಂಪಕ್ಕೆಲ್ಲ ಮೂಲ ಬೆಲ್ಟಿನ ಒಂದು ತೂತು. ಬೀಗದ ಕಾರ್ಖಾನೆಯಲ್ಲಿ ಸಮವಸ್ತ್ರ ಹೊಲಿಯುವ ಟೇಲರ್ ಮಾಮ ಬೆಳಗ್ಗೆ ಬೆಲ್ಟು ಬಿಗಿದಾಗ, ಮದುವೆಯ ಹೊಸತರಲ್ಲಿ ಬಳಸುತ್ತಿದ್ದ ತೂತಿಗೇ ಅದು ಸಲೀಸಾಗಿ ಬಂದು ಕೂತಿತು. ಹೆಂಡತಿಯನ್ನು ಕೂಗಿ ಕರೆದು ತೋರಿಸಿದ. ಅವಳು ಅವನ ಸುತ್ತ ಒಂದು ಸುತ್ತು ಬಂದು, "ನನ್ನ ದೃಷ್ಟಿನೇ ತಾಗೀತು ಕಣ್ರೀ" ಅಂದಳು. ಮಾಮ ಎದೆಯುಬ್ಬಿಸಿಕೊಂಡು ಕೆಲಸಕ್ಕೆ ಹೊರಟ.

ಹೆಮ್ಮೆಪಡುವುದರಲ್ಲಿ ತಪ್ಪೇನೂ ಇರಲಿಲ್ಲ. ಕ್ಯಾಂಟೀನಿನ ಕಿತ್ತಳೆ ಬಣ್ಣದ ಸಿಹಿ ಪಾನೀಯವೆಂದರೆ ಕಾರ್ಖಾನೆಯವರಿಗೆಲ್ಲ ಪ್ರಾಣ. ಊಟಕ್ಕೊಂದು ಬಾಟಲಿ, ಬಿಡುವಿಗೊಂದು ಬಾಟಲಿ. ಮಾಮನ ಹೊಲಿಗೆ ಯಂತ್ರದ ಪಕ್ಕದಲ್ಲಂತೂ ಒಂದು ಸದಾ ಹಾಜರಿರುತ್ತಿತ್ತು. ಕೆಲವು ತಿಂಗಳ ಹಿಂದೆ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಕ್ಲಿನಿಕ್ಕಿನೊಳಗೆ ಬಂದ ಮಾಮನಿಗೆ ಡಾಕ್ಟರು, ಕುಡಿಯುವ ಸಕ್ಕರೆ ಹಸಿವು ತೀರಿಸುವುದಿಲ್ಲ, ಸೊಂಟ ಮಾತ್ರ ಬೆಳೆಸುತ್ತದೆ ಎಂದು ಹೇಳಿದ್ದರು. ಅಲ್ಲಿಂದಾಚೆ ಮಾಮನಿಗೆ ಬರೀ ನೀರು. ಕ್ಯಾಂಟೀನಿನವನು ಪುಕ್ಕಟೆ ಕೊಟ್ಟರೂ ಮುಟ್ಟಲಿಲ್ಲ. ಇಂಥವನು ಹೆಮ್ಮೆಪಡದೆ ಇನ್ನಾರು ಪಡಬೇಕು?

ಅಂದು ಮಾಲೀಕರು ಕಾರ್ಖಾನೆಗೆ ಬರುವ ದಿನ. ಮಾಮ ಎಲ್ಲರಿಗೂ ಹೊಸ ಅಂಗಿ ಹಂಚಿದ. ಫೋರ್‌ಮನ್ನನ ಗುಂಡಿಗಳು ಒಂದೂ ಕಾಜಾ ಮುಟ್ಟಲಿಲ್ಲ. ಸ್ಟೋರಿನ ಅಕ್ಕನ ತೋಳು ಅರ್ಧದಲ್ಲೇ ಸಿಕ್ಕಿಕೊಂಡಿತು. ಗೇಟಿನ ತಾತನನ್ನು ಅಂಗಿಯಿಂದ ಹೊರಗೆಳೆಯಲು ಇಬ್ಬರು ಬೇಕಾದರು. ಎಲ್ಲರೂ ತಮ್ಮ ತಮ್ಮ ಹೊಟ್ಟೆ ನೋಡಿಕೊಂಡು ಪೆಚ್ಚಾದರು.

ಮಾಮನಿಗೆ ಇದಕ್ಕಿಂತ ಒಳ್ಳೆಯ ಸಮಯ ಎಲ್ಲಿ ಸಿಗಬೇಕು? ಬೆಲ್ಟಿನ ತೂತು ತೋರಿಸಿ, ಸಿಹಿ ಪಾನೀಯದ ಮೇಲೆ ಭಾಷಣವನ್ನೇ ಬಿಗಿದ. "ಅಂಗಿಯದೇನೂ ತಪ್ಪಿಲ್ಲ. ನಿಮ್ಮ ಬಾಟಲೀನ ಕೇಳಿ" ಅಂದ. ಎಲ್ಲರೂ ತಲೆ ತಗ್ಗಿಸಿದರು.

ಅಷ್ಟರಲ್ಲಿ ಮಾಲೀಕರು ಬಂದೇಬಿಟ್ಟರು. ಉಸಿರು ಬಿಗಿಹಿಡಿದು ಹೇಗೋ ಗುಂಡಿ ಹಾಕಿಕೊಂಡ ಫೋರ್‌ಮನ್ ಮುಂದೆ ನಿಂತಿದ್ದ. ಮಾಲೀಕರ ಕೈಗೆ ಕಿತ್ತಳೆ ಪಾನೀಯದ ಲೋಟ ಕೊಟ್ಟು, ಸ್ವಾಗತ ಹೇಳಲು ಬಾಯಿ ತೆರೆದ. ಉಸಿರು ಹೊರಟಿತು, ಜೊತೆಗೆ ಗುಂಡಿಯೂ. ಅದು ನೇರವಾಗಿ ಲೋಟದೊಳಗೆ ಬಿತ್ತು.

ಮ್ಯಾನೇಜರು ಮಾಮನನ್ನು ಒಳಗೆ ಕರೆಸಿ, ಅಳತೆ ತೆಗೆದುಕೊಂಡವರು ಯಾರು ಎಂದು ಕೇಳಿದರು.

"ನನಗ್ಯಾಕೆ ಸಾರ್ ಟೇಪು? ಎಲ್ಲಾ ನನ್ನ ಮೈ ಮೇಲೇ ಲೆಕ್ಕ. ಫೋರ್‌ಮನ್ ನನಗಿಂತ ನಾಲ್ಕು ಬೆರಳು ಜಾಸ್ತಿ, ಸ್ಟೋರಿನ ಅಕ್ಕ ಎರಡು ಬೆರಳು ಕಮ್ಮಿ. ಇಷ್ಟು ವರ್ಷದಲ್ಲಿ ಒಂದು ಅಂಗಿನೂ ವಾಪಸ್ ಬಂದಿಲ್ಲ" ಎನ್ನುತ್ತ ಮಾಮ ಮೇಜಿನ ಮೇಲಿದ್ದ ಬಟ್ಟೆಯನ್ನು ಹೆಮ್ಮೆಯಿಂದ ಸೊಂಟಕ್ಕೆ ಸುತ್ತಿಕೊಂಡ. ಸುತ್ತಿಕೊಂಡ ಕೈ ಅಲ್ಲೇ ನಿಂತಿತು.

ಇಷ್ಟು ವರ್ಷ ಎಲ್ಲರೂ ಕುಡಿದದ್ದು ಅದೇ ಬಾಟಲಿ, ಎಲ್ಲರೂ ದಪ್ಪಗಾದದ್ದು ಒಂದೇ ಸಮನೆ. ಮಾಮನ ಜೊತೆ ಅಂಗಿಗಳೂ ಬೆಳೆಯುತ್ತ ಬಂದಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಈ ಸಲ ಮಾಮ ಒಬ್ಬನೇ ಇಳಿದಿದ್ದ.

ನಾಳೆಯಿಂದ ಟೇಪು ಹಿಡಿಯುತ್ತೇನೆ ಎಂದು ಮಾಮ ಗೋಗರೆದ. ಮ್ಯಾನೇಜರು ಒಪ್ಪಲಿಲ್ಲ. "ಟೇಪಿಲ್ಲದೆ ಇಷ್ಟು ವರ್ಷ ಸರಿಯಾಗಿ ಹೊಲಿದಿದ್ದೀರಿ. ಈಗ ಹೊಸ ಪ್ರಯೋಗ ಎಲ್ಲಾ ಬೇಡ. ನೀವು ಮೊದಲಿನ ಹಾಗಾಗಿ, ಸಾಕು. ಬಾಟಲಿ ಕಂಪನಿ ಖರ್ಚು" ಎಂದು ಒಂದು ಕ್ರೇಟನ್ನೇ ಮಾಮನ ಕೈಗೆ ಹೊರಿಸಿದರು.

ಸಂಜೆ ಮಾಮ ಕ್ರೇಟು ಹೊತ್ತು ಮನೆ ಬಾಗಿಲಿಗೆ ಬಂದ. ಒಳಗಿನಿಂದಲೇ ಹೆಂಡತಿಯ ದನಿ ಕೇಳಿಸಿತು. "ಬಂದ್ರಾ? ನಿಮ್ಮ ಪ್ಯಾಂಟೆಲ್ಲಾ ಹೊಸ ಸೊಂಟಕ್ಕೆ ಕತ್ತರಿಸಿ ಹೊಲಿದಿಟ್ಟಿದ್ದೀನಿ. ಒಂದನ್ನೂ ಬಿಟ್ಟಿಲ್ಲ. ನಿಮ್ಮಂಥ ಗಂಡ ಈ ಬೀದಿಯಲ್ಲೇ ಇಲ್ಲ ಅಂತ ಎಲ್ಲರಿಗೂ ಹೇಳಿ ಬಂದೆ."

ಅವಳ ಹೆಜ್ಜೆ ಸಪ್ಪಳ ಹತ್ತಿರವಾಯಿತು. ಮಾಮ ಗಡಿಬಿಡಿಯಲ್ಲಿ ಕ್ರೇಟನ್ನು ಕೆಳಗಿಟ್ಟು ಅದಕ್ಕೆ ಅಡ್ಡವಾಗಿ ನಿಂತ. ಹಳೆಯ ಮೈಯಾಗಿದ್ದರೆ ಅದು ಪೂರ್ತಿ ಮರೆಯಾಗುತ್ತಿತ್ತು. ಈಗ ಎರಡೂ ಪಕ್ಕದಿಂದ ಬಾಟಲಿಗಳು ಇಣುಕುತ್ತಿದ್ದವು.