ಉಪ್ಪಿನ ಅರಮನೆಯಲ್ಲಿ ನಮ್ಮ ಭಾವ

ನಮ್ಮ ಭಾವ ಯಾವುದಾದರೂ ಒಂದು ವಸ್ತುವನ್ನು ಚೆನ್ನಾಗಿದೆ ಎಂದು ಹೊಗಳಿದ್ದನ್ನು ಕಿವಿಯಾರೆ ಕೇಳಿದವರು ಆಲೂರು ತಾಲ್ಲೂಕಿನಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬರಬೇಕು. ಅವರಿಗೆ ಹಾರ ಹಾಕಿ, ಶಾಲು ಹೊದಿಸಿ, ನಮ್ಮ ಮನೆಯಲ್ಲೇ ಸನ್ಮಾನ ಮಾಡುತ್ತೇನೆ. ಹಾರದ ಹೂವು ಬಾಡಿದೆ ಎಂದು ತಕರಾರು ತೆಗೆಯುವುದಕ್ಕೆ ಭಾವನೇ ಮುಖ್ಯ ಅತಿಥಿ!

ಭಾವ ಎಂದರೆ ನಮ್ಮ ಅಕ್ಕನ ಗಂಡ. ಹಾನುಬಾಳಿನ ಕಡೆ ಒಂದು ಎಸ್ಟೇಟಿನಲ್ಲಿ ಬಹಳ ಕಾಲ ರೈಟರ್ ಆಗಿದ್ದು, ಈಗ ಪಾಳ್ಯದ ಹತ್ತಿರ ತಮ್ಮ ಗದ್ದೆ, ಬದಿಗೆ ಒಂದಿಷ್ಟು ಕಾಫಿ ನೋಡಿಕೊಂಡಿದ್ದಾರೆ. ರೈಟರ್ ಕೆಲಸವೆಂದರೆ ಆಳುಗಳ ಹಾಜರಿ ಹಾಕುವುದು, ಅವರು ಕೆಲಸ ಮಾಡುವಾಗ ಹಿಂದೆ ನಿಂತು ತಪ್ಪು ಹುಡುಕುವುದು. ಕೆಲಸದಿಂದ ನಿವೃತ್ತಿ ಸಿಕ್ಕಿತು, ತಪ್ಪು ಹುಡುಕುವುದರಿಂದ ಸಿಗಲಿಲ್ಲ. ನನ್ನ ಮದುವೆಯ ದಿನ ಕಾಲಿಗೆ ಬಿದ್ದ ನನ್ನ ಗಂಡನನ್ನು ಮೇಲಿಂದ ಕೆಳಗೆ ನೋಡಿ, "ಪರ್ವಾಗಿಲ್ಲ ಬಿಡಮ್ಮಿ, ಇನ್ನೊಸಿ ಹುಡುಕಿದ್ರೆ ಇನ್ನೂ ಒಳ್ಳೇದು ಸಿಕ್ತಿತ್ತು" ಎಂದ ಪುಣ್ಯಾತ್ಮರು. ನನ್ನ ಗಂಡ ಇವತ್ತಿಗೂ ಅವರ ಮನೆಗೆ ಹೋದರೆ ಬಾಗಿಲ ಹತ್ತಿರದ ಕುರ್ಚಿ ಬಿಟ್ಟು ಒಳಗೆ ಬರುವುದಿಲ್ಲ.

ಇಂಥವರನ್ನು ಕಟ್ಟಿಕೊಂಡ ಅಕ್ಕನ ಕೈ ಮಾತ್ರ ಬಂಗಾರ. ಸುತ್ತಮುತ್ತ ಯಾರ ಮನೆಯಲ್ಲಿ ಊಟ ಹಾಕಿಸಿದರೂ ದೊಡ್ಡ ಪಾತ್ರೆಯ ಸಾರಿಗೆ ಉಪ್ಪು ನೋಡಲು ಅಕ್ಕನೇ ಆಗಬೇಕಿತ್ತು. ಅಂಗೈಗೆ ಒಂದು ತೊಟ್ಟು ಸಾರು ಬಿಟ್ಟುಕೊಂಡು ನೆಕ್ಕಿ, "ಇನ್ನೊಂದು ಹಿಡಿ ಹಾಕಿ" ಎಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ. ಹೋದ ವರ್ಷ ಅವಳಿಗೊಂದು ಕೆಟ್ಟ ಜ್ವರ ಬಂತು. ಜ್ವರ ಬಿಟ್ಟು ಹೋಯಿತು, ಹೋಗುವಾಗ ನಾಲಿಗೆಯ ರುಚಿಯನ್ನೂ ಕರೆದುಕೊಂಡು ಹೋಯಿತು. ಹುಣಸೆಹಣ್ಣು ಇಟ್ಟರೂ ಅಷ್ಟೆ, ಬೆಲ್ಲ ಇಟ್ಟರೂ ಅಷ್ಟೆ. ಹಾಸನದ ಡಾಕ್ಟರು "ಬಂದರೂ ಬರಬಹುದು" ಎಂದರು. ಅಕ್ಕ ಕಾದಳು, ಕಾದು ಸೋತಳು. ಊಟದ ಮನೆಗಳಿಗೆ ಹೋಗುವುದನ್ನೇ ನಿಲ್ಲಿಸಿಬಿಟ್ಟಳು.

ಆಮೇಲಾದರೂ ಈ ಮನುಷ್ಯ ಬಾಯಿ ಮುಚ್ಚಿಕೊಂಡು ಊಟ ಮಾಡಬಾರದೆ? ಇಲ್ಲ! ಒಂದು ದಿನ ಉಪ್ಪು ಜಾಸ್ತಿ, ಮಾರನೆ ದಿನ ಸಪ್ಪೆ. ನಾನು ಒಮ್ಮೆ ರೇಗಿಯೇ ಬಿಟ್ಟೆ. "ಸ್ವಲ್ಪ ಕರುಣೆ ಇಟ್ಕೊಳ್ಳಿ ಭಾವ, ಅವಳಿಗೆ ಹೇಗಾಗಬೇಡ?"

"ಸಪ್ಪೆಯಾಗಿದ್ರೆ ಸಪ್ಪೆ ಅಂತೀನಿ. ಸುಳ್ಳು ಹೇಳಕ್ಕೆ ನಾನೇನು ಎಲೆಕ್ಷನ್‌ಗೆ ನಿಂತಿದ್ದೀನೇನಮ್ಮಿ?" ಎಂದರು. ಇಂಥವರಿಗೆ ಏನು ಹೇಳುವುದು, ಹೇಳಿ!

ಅಂಥ ಭಾವ ಒಂದು ದಿನ ಬೆಳಗ್ಗೆ ಫೋನ್ ಮಾಡಿದರು. "ನಿಮ್ಮಕ್ಕನ ನಾಲಿಗೆ ರಿಪೇರಿಗೆ ಕೊಡ್ಬೇಕು. ಭಾನುವಾರ ಕಾರು ತಗಂಡು ಬಾ."

ಕರಾವಳಿಯಲ್ಲಿ ಯಾರೋ ಉಪ್ಪಿನದೇ ಒಂದು ಅರಮನೆ ಕಟ್ಟಿದ್ದಾರಂತೆ. ಅದರೊಳಗಿನ ಉಪ್ಪಿನ ಕೋಣೆಯಲ್ಲಿ ಕೂತರೆ ಕಟ್ಟಿದ ಮೂಗು ಬಿಡುತ್ತದೆ, ಸತ್ತ ನಾಲಿಗೆ ಏಳುತ್ತದೆ ಎಂದು ಮೊಬೈಲಿನಲ್ಲಿ ವಿಡಿಯೋ ಬಂದಿತ್ತಂತೆ. ನಾನಾಗಿದ್ದರೆ ನಂಬುತ್ತಿರಲಿಲ್ಲ. ಆದರೆ ಅಕ್ಕ ಆಗಲೇ ಒಳ್ಳೆಯ ಸೀರೆ ತೆಗೆದಿಟ್ಟುಕೊಂಡಿದ್ದಳು. "ವಾಸಿಯಾದ್ರೆ ಪಕ್ಕದ ಮನೆ ಗೃಹಪ್ರವೇಶಕ್ಕೆ ನಾನೇ ಸಾರು ಮಾಡ್ತೀನಿ ಅಂದ್ಬುಟ್ಟಿದೀನಿ ಕಣೆ" ಎಂದಳು. ಅವಳ ಮುಖ ನೋಡಿ ನಾನು ಇಲ್ಲವೆನ್ನಲಾರದೆ ಹೋದೆ.

ದೋಣಿಗಲ್ ದಾಟಿ ಘಾಟಿ ಇಳಿಯುವಷ್ಟರಲ್ಲಿ ಕಾರನ್ನು ಭಾವನಿಗೇ ಕೊಟ್ಟು ನಡೆದುಕೊಂಡು ವಾಪಸ್ ಹೋಗಿಬಿಡೋಣ ಅನ್ನಿಸಿತು. ನಿಧಾನಕ್ಕೆ ಹೋದರೆ "ಬ್ರೇಕ್ ಮೇಲೆ ಕಾಲಿಟ್ಕಂಡೇ ಹುಟ್ಟಿದ್ಯಾ?" ಸ್ವಲ್ಪ ಜೋರಾಗಿ ಹೋದರೆ "ನಮ್ಮನ್ನ ಇಲ್ಲೇ ಮುಗಿಸ್ಬುಡ್ತೀಯಾ?" ಕೊನೆಗೆ ಸಮುದ್ರ ಕಂಡಿತು. ಮೊದಲ ಸಲ ಸಮುದ್ರ ಕಂಡವರು ಕೈ ಮುಗಿಯುತ್ತಾರೆ, ಕುಣಿಯುತ್ತಾರೆ. ನಮ್ಮ ಭಾವ ಕಿಟಕಿಯಿಂದ ಇಣುಕಿ, "ಇಷ್ಟು ನೀರು ಸುಮ್ನೆ ಬಿದ್ದೈತೆ, ಒಬ್ರಾದ್ರೂ ಒಂದು ಗದ್ದೆ ಮಾಡವ್ರಾ ನೋಡು!" ಎಂದರು.

ಅರಮನೆಯ ವಿಷಯಕ್ಕೆ ಬಂದರೆ ಭಾವನನ್ನು ಪೂರ್ತಿ ಬೈಯುವಂತೆಯೂ ಇಲ್ಲ. ಗುಲಾಬಿ ದೀಪ ಹಾಕಿದ ಒಂದು ಗೋದಾಮಿಗೆ ಅರಮನೆ ಎಂದು ಬೋರ್ಡು ಬರೆಸಿದ್ದರು. ಒಳಗೆ ಉಪ್ಪಿನ ಇಟ್ಟಿಗೆಯ ಗೋಡೆ, ಉಪ್ಪಿನ ಕಂಬ, ಉಪ್ಪಿನ ಸಿಂಹಾಸನ. ಸಿಂಹಾಸನದ ಮೇಲೆ "ದಯವಿಟ್ಟು ನೆಕ್ಕಬೇಡಿ" ಎಂಬ ಚೀಟಿ. ಹಾಗೆ ಬರೆಯಬೇಕಾದರೆ ಯಾರೋ ನೆಕ್ಕಿಯೇ ಇರಬೇಕಲ್ಲವೆ? "ನಮ್ಮನೆ ಹಸೂನ ತಂದು ಇಲ್ಲಿ ಕಟ್ಟಿದ್ರೆ, ನೆಕ್ಕಿ ನೆಕ್ಕಿ ಸಂಕ್ರಾಂತಿ ಒಳಗೆ ರಾಜ ನೆಲದ ಮೇಲೆ ಕೂರ್ಬೇಕಾಯ್ತದೆ" ಎಂದರು ಭಾವ. ಬಾಗಿಲಿನ ಎರಡೂ ಕಡೆ ಉಪ್ಪಿನಲ್ಲೇ ಮಾಡಿದ ಆನೆಗಳಿದ್ದವು. ಹೋದ ಮಳೆಗಾಲದ ತೇವಕ್ಕೆ ಎರಡರ ಸೊಂಡಿಲೂ ಕರಗಿ, ದೊಡ್ಡ ಹಂದಿಗಳ ಹಾಗೆ ಕಾಣುತ್ತಿದ್ದವು. ಭಾವ ಅವುಗಳ ಮುಂದೆ ಮಾತ್ರ ಸ್ವಲ್ಪ ಹೊತ್ತು ನಿಂತರು. ನಮ್ಮ ಕಡೆ ಆನೆಯೆಂದರೆ ತಮಾಷೆಯಲ್ಲ, ಬೆಳೆದು ನಿಂತ ಗದ್ದೆಯನ್ನು ಒಂದೇ ರಾತ್ರಿಗೆ ತುಳಿದು ಹೋಗುತ್ತವೆ. "ನಮ್ಮೂರಿಗೂ ದೇವ್ರು ಇಂಥವನ್ನೇ ಕಳಿಸಬಾರ್ದಾಗಿತ್ತಾ? ಒಂದು ಮಳೆಗೆ ತೀರ್ಮಾನ ಆಗೋಗದು" ಎಂದು ನಿಟ್ಟುಸಿರು ಬಿಟ್ಟರು.

ಹಿಂದುಗಡೆ ಉಪ್ಪಿನಾಗರ. ಕಟ್ಟೆ ಕಟ್ಟಿ ಸಮುದ್ರದ ನೀರು ನಿಲ್ಲಿಸಿ, ಬಿಸಿಲಿಗೆ ಬಿಟ್ಟು, ಉಪ್ಪನ್ನು ಎಳೆದು ಗುಡ್ಡೆ ಮಾಡುವ ಜಾಗ. ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಭಾವನ ಕಣ್ಣಿಗೆ ಮಾತ್ರ ಅದು ಎಸ್ಟೇಟಿನ ಕಾಫಿ ಕಣವಾಗಿ ಕಂಡಿತು! ಪಂಚೆ ಎತ್ತಿ ಕಟ್ಟಿಕೊಂಡು ಕಟ್ಟೆ ಇಳಿದೇ ಬಿಟ್ಟರು. ಒಣಗಿದ ಕಾಫಿಯನ್ನು ಕೈಯಲ್ಲಿ ಹಿಡಿದು ಕುಲುಕಿದರೆ ಒಳಗಿನ ಬೀಜ ಗಲಗಲ ಎನ್ನುತ್ತದೆ, ಒಣಗಿರುವುದು ಹಾಗೇ ಗೊತ್ತಾಗುವುದು. ಭಾವ ಒಂದು ಮುಷ್ಟಿ ಉಪ್ಪು ಹಿಡಿದು ಕಿವಿಯ ಹತ್ತಿರ ಕುಲುಕಿದರು. ಉಪ್ಪು ಏನು ಮಾತಾಡೀತು?

"ಒಣಗೇ ಇಲ್ಲ! ಇಷ್ಟು ದಪ್ಪಕ್ಕೆ ಹರಡಿದ್ರೆ ಹೆಂಗೆ ಒಣಗ್ತದೆ? ತೆಳ್ಳಗೆ ಎಳೀರಿ. ಟಾರ್ಪಲ್ ಎಲ್ಲಿ?" ಎಂದು ಕೂಗಿದರು.

ಉಪ್ಪು ಎಳೆಯುತ್ತಿದ್ದಾತ ನಿಂತು ನೋಡಿದ. "ನೀವು ಯಾವ ಆಫೀಸಿನವರು ಸಾರ್?" ಎಂದು ಕೇಳಿದ, ಬಹಳ ಭಯಭಕ್ತಿಯಿಂದ. ನಾನು ಭಾವನ ತೋಳು ಹಿಡಿದು ಎಳೆದುಕೊಂಡು ಬಂದೆ.

ಆಮೇಲೆ ನಾವು ಬಂದ ಕೆಲಸ, ಉಪ್ಪಿನ ಕೋಣೆ. ಚಪ್ಪಲಿ ಬಿಟ್ಟು, ಮಾತಿಲ್ಲದೆ, ಒರಗು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳಬೇಕು. ಅಕ್ಕ ಪೂಜೆಗೆ ಕೂತವಳ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು. ಭಾವ ಒರಗಿದ್ದೇ ತಡ, ಘಾಟಿ ಹತ್ತುವ ಲಾರಿಯಂತೆ ಗೊರಕೆ ಶುರುವಾಯಿತು. ಶಾಂತಿ ಹುಡುಕಿಕೊಂಡು ಬಂದಿದ್ದ ಮಿಕ್ಕವರೆಲ್ಲ ಒಬ್ಬೊಬ್ಬರಾಗಿ ಎದ್ದು ಹೋದರು. ಹೊರಗೆ ಬಂದಾಗ ನಾನು ಮೆಲ್ಲಗೆ ಕೇಳಿದೆ, "ಏನಾದ್ರೂ ಗೊತ್ತಾಯ್ತೇನಕ್ಕಾ?"

"ನಿಮ್ಮ ಭಾವನ ಗೊರಕೆ ಚೆನ್ನಾಗಿ ಗೊತ್ತಾಯ್ತು" ಎಂದಳು. ತಮಾಷೆ ಮಾಡಿದಳು, ಆದರೆ ಕಣ್ಣು ಪಕ್ಕದ ಕೋಣೆಯ ಬಾಗಿಲಿನ ಮೇಲೇ ಇತ್ತು. ಅಲ್ಲಿ ಬಗೆಬಗೆಯ ಉಪ್ಪಿನ ರುಚಿ ತೋರಿಸುವ ಮೇಜಿತ್ತು. ವಾಸಿಯಾಗಿದೆಯೋ ಇಲ್ಲವೋ ಅಲ್ಲಿ ತಿಳಿಯಬೇಕು.

ಮೇಜಿನ ಹಿಂದಿದ್ದ ಹುಡುಗಿ ನಗುತ್ತ ಅಕ್ಕನ ಅಂಗೈಗೆ ಉಪ್ಪು ಹಾಕಲು ಕೈ ಚಾಚಿದಳು. ಭಾವ ಅಡ್ಡ ಬಂದರು. "ಏ! ಉಪ್ಪು ಕೈಯಿಂದ ಕೈಗೆ ಕೊಡಬಾರ್ದು ಕಣಮ್ಮಾ, ಜಗಳ ಆಯ್ತದೆ. ತಟ್ಟೇಲಿ ಇಡು."

"ಹಾಗೆಂತ ಇಲ್ಲ ಸಾರ್, ಎಲ್ಲರಿಗೂ ಹೀಗೇ ಕೊಡುವುದು" ಎಂದಳು ಅವಳು. ಭಾವ ಬಿಡಲಿಲ್ಲ. ಹಿಂದಿನ ಸಾಲಿನವರು ಬೇಗ ನಡೆಯಿರಿ ಎಂದರು. ಭಾವ ಅವರತ್ತ ತಿರುಗಿದರು. ಜಗಳ ಬರಬಾರದೆಂದು ಭಾವ ಇಡೀ ಸಾಲಿನವರ ಜೊತೆ ಜಗಳವಾಡಿ, ಕೊನೆಗೂ ಒಂದು ತಟ್ಟೆ ತರಿಸಿದರು! ಅವಮಾನದಿಂದ ನಾನು ಆ ಸೊಂಡಿಲಿಲ್ಲದ ಆನೆಯ ಹಿಂದೆ ಅಡಗಿಕೊಳ್ಳುವುದೊಂದು ಬಾಕಿ.

ಅಕ್ಕ ಬಿಳಿಯ ಹರಳನ್ನು ನಾಲಿಗೆಯ ಮೇಲೆ ಇಟ್ಟುಕೊಂಡಳು. ಕಣ್ಣು ಮುಚ್ಚಿ ಕಾದಳು. ಆಮೇಲೆ ಬೂದು ಬಣ್ಣದ್ದು, ಆಮೇಲೆ ಗುಲಾಬಿ, ಆಮೇಲೆ ಕರಿಯದು. "ಮರಳು ಬಾಯಿಗೋದಂಗೈತೆ ಕಣೆ, ಅಷ್ಟೇ" ಎಂದಳು. ನಗಲು ನೋಡಿದಳು, ಆಗಲಿಲ್ಲ. ತುಟಿ ಅದುರಿತು. ಒಂದು ವರ್ಷದಿಂದ ಅಳದೆ ಇದ್ದವಳು ಅಷ್ಟು ಜನರ ಮುಂದೆ ಅತ್ತುಬಿಡುತ್ತಾಳೇನೋ ಎಂದು ನಾನು ಅವಳ ಹತ್ತಿರಕ್ಕೆ ಸರಿದೆ.

ಭಾವ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. ಬಿಳಿಯ ಉಪ್ಪನ್ನು ಚಿಟಿಕೆಯಲ್ಲಲ್ಲ, ಬೆರಳು ತುಂಬ ತೆಗೆದು ಬಾಯಿಗೆ ಹಾಕಿಕೊಂಡರು. "ಥೂ! ಸಪ್ಪೆ!" ಎಂದರು. ಬೂದು ಬಣ್ಣದ್ದನ್ನು ಹಾಕಿಕೊಂಡರು. "ಇದೂ ಸಪ್ಪೆ!" ಗುಲಾಬಿ ಬಣ್ಣದ್ದಕ್ಕೆ ಮುಖ ಕಿವುಚಿಕೊಂಡಿತು, ಕತ್ತಿನ ನರ ಎದ್ದು, ಕಣ್ಣಲ್ಲಿ ನೀರು ದಳದಳ ಸುರಿಯಿತು. ಆದರೂ ಬಿಡಲಿಲ್ಲ. "ಇವ್ರ ಉಪ್ಪಲ್ಲಿ ಉಪ್ಪೇ ಇಲ್ಲ ಕಣೆ! ನಿನ್ನ ನಾಲಿಗೇದೇನೂ ತಪ್ಪಿಲ್ಲ. ನಮಗೆ ಮೋಸ ಮಾಡವ್ರೆ ಇವ್ರು!" ಎಂದು ದೊಡ್ಡ ದನಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ಕೂಗಿ ಕರಿಯ ಉಪ್ಪಿಗೆ ಕೈ ಹಾಕಿದರು.

ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ನಾನು ಬೇಡವೆಂದು ತಲೆಯಾಡಿಸಿದೆ. ಅವಳಿಗೂ ಅರ್ಥವಾಗಿರಬೇಕು, ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿಕೊಂಡಳು.

ಅಕ್ಕನಿಗೆ ಗೊತ್ತಾಗಲಿಲ್ಲವೆಂದುಕೊಂಡಿರಾ? ಅವಳು ಸೆರಗಿನ ತುದಿಯಿಂದ ಗಂಡನ ಕಣ್ಣೊರೆಸಿದಳು, ತುಟಿಗೆ ಅಂಟಿದ್ದ ಹರಳುಗಳನ್ನು ಒರೆಸಿದಳು. "ಸಾಕು ಬಿಡಿ, ನಿಮಗೆ ಬಿಪಿ ಬೇರೆ ಐತೆ" ಎಂದಳು. ಆಮೇಲೆ, "ಗೃಹಪ್ರವೇಶಕ್ಕೆ ನೀವೂ ನನ್ನ ಜೊತೇಲಿ ಬನ್ನಿ. ಸಾರು ನಾನು ಮಾಡ್ತೀನಿ, ಉಪ್ಪು ನೀವು ನೋಡಿ" ಎಂದಳು.

ಮಾತಾಡಲು ಭಾವನ ನಾಲಿಗೆ ಏಳುತ್ತಿರಲಿಲ್ಲ. ಬಾಯಿ ತುಂಬ ಉಪ್ಪು ಇಟ್ಟುಕೊಂಡೇ ಹೂಂ ಎಂದು ತಲೆಯಾಡಿಸಿದರು. ನಾನು ನೀರಿನ ಬಾಟಲಿ ತರುತ್ತೇನೆಂದು ಕಾರಿನ ಕಡೆ ಓಡಿದೆ. ಈ ಮನುಷ್ಯನನ್ನು ಇಷ್ಟು ವರ್ಷ ಬೈದುಕೊಂಡೇ ಬಂದವಳು ನಾನು, ಅವರ ಮೇಲೆ ಇಷ್ಟೊಂದು ಪ್ರೀತಿ ಬಂದು ಅಳು ತಡೆಯಲಾಗದೆ, ಕಾರಿನ ಬಾಗಿಲು ಹಿಡಿದು ನಿಂತುಬಿಟ್ಟೆ.