ಕಸದ ಬುಟ್ಟಿಯಿಲ್ಲದ ಮನೆಯ ಭಾವ

ನಮ್ಮ ಭಾವನ ಮನೆಗೆ ನೀವು ಬರಿಗೈಯಲ್ಲಿ ಹೋಗಬಹುದು, ಬರಿಗೈಯಲ್ಲಿ ಬರುವುದು ಮಾತ್ರ ಸಾಧ್ಯವಿಲ್ಲ! ಹಾಗೆಂದು ಬಾಯಲ್ಲಿ ನೀರೂರಿಸಿಕೊಳ್ಳಬೇಡಿ. ಅವರು ಕೈಗಿಡುವುದು ತೆಂಗಿನಕಾಯಿಯನ್ನಲ್ಲ, ಬೆಲ್ಲದ ಅಚ್ಚನ್ನಲ್ಲ. ನೀವೇ ತಂದು ನೀವೇ ತಿಂದ ಬಿಸ್ಕತ್ತಿನ ಖಾಲಿ ಪೊಟ್ಟಣವನ್ನು!

ಅಕ್ಕನ ಗಂಡನಾದ ಇವರು ಕಾವೇರಿ ಜಲಪಾತದ ಬಳಿಯ ಬ್ಲಫ್ ಎಂಬಲ್ಲಿನ ವಿದ್ಯುತ್ ಕೇಂದ್ರದಲ್ಲಿ ದುಡಿದು, ನಿವೃತ್ತರಾಗಿ ಮಳವಳ್ಳಿಯಲ್ಲಿ ಮನೆ ಮಾಡಿದವರು. ಉಳಿದವರು ನಿವೃತ್ತರಾದ ಮೇಲೆ ಮಂಡಿನೋವು ಹಚ್ಚಿಕೊಂಡರೆ ಇವರು ಭೂಮಿಯ ಚಿಂತೆ ಹಚ್ಚಿಕೊಂಡರು. ಮೊದಲ ವಾರವೇ ಮನೆಯ ಕಸದ ಬುಟ್ಟಿಯ ತಳಕ್ಕೆ ತೂತು ಕೊರೆದು, ಮಣ್ಣು ತುಂಬಿ, ಕರಿಬೇವಿನ ಸಸಿ ನೆಟ್ಟರು. "ಬುಟ್ಟಿ ಇದ್ರೆ ತಾನೆ ಕಸ ಆಕೋದು?" ಎಂಬುದು ಅವರ ತರ್ಕ. ತರಕಾರಿ ಸಿಪ್ಪೆ ಗೊಬ್ಬರದ ಗುಂಡಿಗೆ, ಅಕ್ಕಿ ತೊಳೆದ ನೀರು ಗಿಡಕ್ಕೆ, ತೆಂಗಿನ ನಾರು ಪಾತ್ರೆ ತಿಕ್ಕುವುದಕ್ಕೆ. ಪ್ಲಾಸ್ಟಿಕ್? ತಂದವರೇ ಹೊತ್ತುಕೊಂಡು ಹೋಗಬೇಕು!

ನಾನು ಮದ್ದೂರಿನಲ್ಲಿ ಶಾಲೆಯ ಟೀಚರು. ಒಂದು ಭಾನುವಾರ ಅಕ್ಕನ ಮಕ್ಕಳಿಗೆಂದು ಚಿಪ್ಸು, ಚಾಕಲೇಟು ಅಂತ ಒಂದು ಚೀಲ ತಿಂಡಿ ಒಯ್ದಿದ್ದೆ. ಹೊರಡುವಾಗ ಭಾವ ಖಾಲಿ ಪೊಟ್ಟಣಗಳನ್ನೆಲ್ಲ ನೀಟಾಗಿ ಮಡಿಸಿ ನನ್ನ ವ್ಯಾನಿಟಿ ಬ್ಯಾಗಿನೊಳಗೆ ತುರುಕಿದರು. ಮರುದಿನ ತರಗತಿಯಲ್ಲಿ ಹಾಜರಿ ಹಾಕಲು ಪೆನ್ನು ಹುಡುಕುತ್ತಾ ಬ್ಯಾಗನ್ನು ಮೇಜಿನ ಮೇಲೆ ಸುರಿದೆ. ಬಣ್ಣಬಣ್ಣದ ಪೊಟ್ಟಣಗಳು ಹರಡಿಕೊಂಡವು. ಮೊದಲ ಬೆಂಚಿನ ಹುಡುಗಿ ಕಣ್ಣರಳಿಸಿ ಕೇಳಿಯೇಬಿಟ್ಟಳು. "ಮಿಸ್, ಇಷ್ಟೂವೆ ನೀವೊಬ್ರೇ ತಿಂದ್ರಾ?"

ಕರೆಂಟಿನ ವಿಷಯಕ್ಕೆ ಬಂದರಂತೂ ಮುಗಿಯಿತು. ನೀವು ಕುರ್ಚಿಯಿಂದ ಪೂರ್ತಿ ಎದ್ದಿರುವುದಿಲ್ಲ, ಅಷ್ಟರಲ್ಲಿ ಫ್ಯಾನು ನಿಂತಿರುತ್ತದೆ. "ಅಷ್ಟೆತ್ತರದಿಂದ ಬಿದ್ದು ಕಾವೇರವ್ವ ಕೊಡೋ ಕರೆಂಟು ಕಣಮ್ಮ! ಯಾರೂ ಇಲ್ದಿದ್ ರೂಮಲ್ಲಿ ಫ್ಯಾನು ಯಾರ್ಗೆ ಬೀಸ್ತದೆ? ಗೋಡೆಗಾ?" ಎಂದು ನನಗೇ ಪಾಠ. ಒಂದು ಸಂಜೆ ನನ್ನ ಗಂಡ ಅಲ್ಲಿ ಸ್ನಾನಕ್ಕೆ ಹೋಗಿದ್ದರು. ಇದ್ದಕ್ಕಿದ್ದಂತೆ ಬಚ್ಚಲಿನಿಂದ ಕೂಗು.

"ಯಾರ್ರೀ ಲೈಟ್ ಆರ್ಸಿದ್ದು? ಕಣ್ಣಿಗೆ ಸೋಪು ಓಯ್ತು!"

"ಅಯ್ಯೋ, ಒಳಗಿದ್ದೀರಾ?" ಭಾವ ಹೊರಗಿನಿಂದ ಕೇಳಿದರು. "ನೀರಿನ್ ಸದ್ದೇ ಇರ್ಲಿಲ್ವಲ್ಲ, ಖಾಲಿ ಅಂದ್ಕಂಡೆ!"

"ಸೋಪು ಅಚ್ಕೊಳೋವಾಗ ನಲ್ಲಿ ನಿಲ್ಲಿಸ್ಬೇಕು ಅಂದೋರು ನೀವೇ ಅಲ್ವಾ!"

ಅಂದಿನಿಂದ ಆ ಬಚ್ಚಲಿಗೆ ಹೋದವರು ಹಾಡು ಹೇಳಿಕೊಂಡೇ ಸ್ನಾನ ಮಾಡಬೇಕೆಂದು ಹೊಸ ಕಾನೂನು ಬಂತು. ನನ್ನ ಗಂಡನ ಹಾಡು ಕೇಳಿದ ಮೇಲೆ ಆ ಕಾನೂನು ರದ್ದಾಯಿತು!

ಅಕ್ಕನ ಮಗಳಿಗೆ ಗಂಡು ಹುಡುಕುತ್ತಿದ್ದ ಕಾಲದಲ್ಲಿ ನಾವೆಲ್ಲ ಮುತ್ತತ್ತಿಗೆ ಹೋಗಿದ್ದೆವು. ಆಂಜನೇಯನಿಗೆ ಕೈಮುಗಿದು, ಹೊಳೆ ದಂಡೆಯಲ್ಲಿ ಬುತ್ತಿ ಬಿಚ್ಚಿ ನೋಡುತ್ತೇವೆ, ಭಾವ ಇಲ್ಲ! ಪಂಚೆ ಎತ್ತಿಕಟ್ಟಿ, ಗೋಣಿಚೀಲ ಹಿಡಿದು, ದಂಡೆಯಲ್ಲಿ ಜನ ಎಸೆದುಹೋದ ನೀರಿನ ಬಾಟಲಿಗಳನ್ನು ಆಯುತ್ತಿದ್ದಾರೆ. ಪಕ್ಕದಲ್ಲಿ ಉಣ್ಣುತ್ತಿದ್ದ ಸಂಸಾರವೊಂದರ ಯಜಮಾನ ಇವರನ್ನು ಗುಜರಿಯವರೆಂದು ತಿಳಿದು, "ಯಜಮಾನ, ಇವೂ ಅವೆ, ತಕ್ಕೊ" ಎಂದು ನಾಲ್ಕು ಖಾಲಿ ಬಾಟಲಿ ಕೊಟ್ಟ. ಭಾವ ಬೇಸರ ಪಟ್ಟುಕೊಂಡರೇ? ಎಲ್ಲಿಯ ಮಾತು! "ನಿಮ್ ಹಿಂದ್ಗಡೆ ಇನ್ನೊಂದು ಬಿದ್ದದೆ ನೋಡಿ ಸಾ" ಎಂದು ಅದನ್ನೂ ಕೇಳಿ ಪಡೆದರು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ನಂಗೂ ಇವ್ರಿಗೂ ಸಂಬಂಧ ಇಲ್ಲ ಕಣೆ" ಎಂದಳು.

ಎರಡು ವಾರ ಕಳೆದು ಮಂಡ್ಯದಿಂದ ಹೆಣ್ಣು ನೋಡಲು ಬಂದರು. ಕಾರಿನಿಂದ ಮೊದಲು ಇಳಿದ ಗಂಡಿನ ಅಪ್ಪ ಆ ಬಾಟಲಿ ಯಜಮಾನರೇ! ಅಕ್ಕ ತಟ್ಟೆ ಹಿಡಿದುಕೊಂಡೇ ಅಡಿಗೆಮನೆಗೆ ಓಡಿದಳು. ಒಳ್ಳೆಯ ಸಂಬಂಧ, ಹುಡುಗ ಮಗಳಿಗೆ ಫೋಟೋದಲ್ಲೇ ಹಿಡಿಸಿದ್ದ. ಭಾವನಿಗೆ ಇಸ್ತ್ರಿ ಅಂಗಿ ತೊಡಿಸಿದ್ದೆವು, ಗುರುತು ಸಿಗಲಾರದೆಂದು ನಾನು ಧೈರ್ಯ ತಂದುಕೊಂಡೆ. ಉಪ್ಪಿಟ್ಟು ಮುಗಿಯುವವರೆಗೂ ಎಲ್ಲ ಸರಿಯಾಗಿತ್ತು. ಬೀಗರು ಕೈತೊಳೆಯಲು ಎದ್ದರು ನೋಡಿ, ಭಾವನಿಗೆ ತಡೆಯಲಾಗಲಿಲ್ಲ.

"ಅಲ್ಲಿ ಬ್ಯಾಡಿ ಸಾ, ನೀರು ದಂಡ ಆಯ್ತದೆ. ಈ ಬಾಳೆ ಬುಡದಲ್ಲಿ ತೊಳ್ಕಳಿ."

ಬೀಗರು ಗಕ್ಕನೆ ತಿರುಗಿ, ಇವರ ಮುಖವನ್ನೇ ದಿಟ್ಟಿಸಿದರು. "ನಿಮ್ಮನ್ನ ಎಲ್ಲೋ ನೋಡಿವ್ನಲ್ಲಾ... ಮುತ್ತತ್ತೀಲಿ... ಚೀಲ ಇಡ್ಕಂಡಿದ್ದೋರು!"

ಒಳಗೆ ಮಗಳು ನನ್ನ ಕೈ ಹಿಂಡಿದಳು. ಭಾವ ಮಾತ್ರ ತಣ್ಣಗೆ, "ಊಂ ಸಾ, ನಾನೇಯ. ಅವತ್ತು ಐದು ಬಾಟ್ಲಿ ಕೊಟ್ರಿ" ಎಂದರು.

ಬೀಗರು ಹೊಟ್ಟೆ ಹಿಡಿದು ನಕ್ಕರು. "ನಾನು ಎಸ್ದೋಗ್ಬೇಕು ಅಂತಿದ್ದೆ. ನೀವ್ ಬಂದು ಮರ್ವಾದೆ ಉಳಿಸುದ್ರಿ. ಅವತ್ತು ನಮ್ ಬಾಟ್ಲಿ ನೀವ್ ಈಸ್ಕಂಡ್ರಿ, ಇವತ್ತು ನಿಮ್ ಮಗಳ್ನ ನಾವ್ ಈಸ್ಕತೀವಿ ಬುಡಿ!"

ಮದುವೆಯೂ ಆಯಿತು. ಆ ಮದುವೆಯಲ್ಲಿ ಒಂದೂ ನೀರಿನ ಬಾಟಲಿ ಇರಲಿಲ್ಲವೆಂದು ಬೇರೆ ಹೇಳಬೇಕೇ? ಲೋಟ ತೊಳೆಯಲು ನಿಂತವರು ಇಬ್ಬರು, ಭಾವ ಮತ್ತು ಹೊಸ ಬೀಗರು!

ಇಷ್ಟೆಲ್ಲ ನಕ್ಕ ನಾನು ಕಳೆದ ವರ್ಷ ಅದೇ ಭಾವನ ಮೇಲೆ ಕೂಗಾಡಿಬಿಟ್ಟೆ. ನಮ್ಮವ್ವ ಜಾರಿ ಬಿದ್ದು ತೊಡೆಮೂಳೆ ಮುರಿದುಕೊಂಡಿದ್ದಳು. ಮಂಡ್ಯದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮೂರು ತಿಂಗಳು ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ನಮ್ಮದು ಮೂರನೇ ಮಹಡಿಯ ಬಾಡಿಗೆ ಮನೆ. ಹಾಗಾಗಿ ಅವ್ವನನ್ನು ಮಳವಳ್ಳಿಗೇ ಕರೆದೊಯ್ದರು. ಅಕ್ಕನಿಗೆ ಕಷ್ಟವಾಗದಿರಲೆಂದು ನಾನು ದೊಡ್ಡವರ ಡಯಾಪರಿನ ಒಂದು ದೊಡ್ಡ ಪೆಟ್ಟಿಗೆಯನ್ನೇ ತಂದಿಟ್ಟು ಬಂದಿದ್ದೆ.

ಮುಂದಿನ ಭಾನುವಾರ ಹೋದರೆ ಹಿತ್ತಲ ತುಂಬ ಹಗ್ಗ. ಹಗ್ಗದ ತುಂಬ ಹಳೆಯ ಸೀರೆಯ ತುಂಡುಗಳು. ನನ್ನ ಪೆಟ್ಟಿಗೆ ಅಟ್ಟದ ಮೇಲೆ! ನನ್ನ ಮೈಯೆಲ್ಲ ಉರಿಯಿತು.

"ಏನು ಭಾವ ಇದು? ನಿಮ್ಮ ಹುಚ್ಚನ್ನ ನಮ್ಮವ್ವನ ಮೇಲೂ ತೋರಿಸ್ತೀರಾ? ಇದನ್ನೆಲ್ಲ ಒಗೆದೂ ಒಗೆದೂ ನಮ್ಮಕ್ಕ ಸಾಯಬೇಕಾ?"

ಎಂದೂ ಮಾತಿಗೆ ಸೋಲದ ಭಾವ, ಅವ್ವ ಮಲಗಿದ್ದ ಕೋಣೆಯ ಕಡೆ ಒಮ್ಮೆ ನೋಡಿ, ಹಿತ್ತಲಿಗೆ ನಡೆದುಬಿಟ್ಟರು. ಅಕ್ಕ ನನ್ನನ್ನು ಅಡಿಗೆಮನೆಗೆ ಎಳೆದೊಯ್ದಳು.

"ಮೆತ್ಗೆ ಮಾತಾಡೆ, ಅವ್ವಂಗೆ ಕೇಳಿಸ್ತದೆ."

"ಕೇಳಿಸ್ಲಿ!"

"ಕೇಳಿಸ್ಬಾರ್ದು ಕಣೆ." ಅಕ್ಕನ ದನಿ ತಗ್ಗಿತು. "ನೀನು ತಂದಿದ್ದು ಆಕಿದ್ವಿ. ಎರಡೇ ದಿನಕ್ಕೆ ಅವ್ವನ ಚರ್ಮ ಎಲ್ಲಾ ಕೆಂಪಗೆ ಸುಲ್ಕೊಂಡ್ಬುಡ್ತು. ನರ್ಸಮ್ಮ ಬಂದು ನೋಡಿ, ಸದ್ಯಕ್ಕೆ ಮೆತ್ತನೆ ಬಟ್ಟೆ ಆಕಿ, ಆಗಾಗ ಬದಲಾಯ್ಸಿ ಅಂದ್ರು. ಬದಲಾಯ್ಸೋದು ನಾನು. ಒಗೆಯೋದು ನಾನಲ್ಲ, ನನ್ ಕೈಗಂಟು ನೋವು ನಿಂಗ್ ಗೊತ್ತಲ್ಲ. ನಿಮ್ ಭಾವ ಒಗೀತಾರೆ. ಬೆಳ್ಗೆ ನಾವ್ ಏಳೋದ್ರೊಳಗೆ ಅಂಟುವಾಳ ಆಕಿ, ಹಂಡೆ ನೀರಲ್ಲಿ ಕುದಿಸಿ ಒಣಗಾಕ್ಬುಟ್ಟಿರ್ತಾರೆ."

ಅವ್ವ ಹಳೆಯ ಕಾಲದವಳು. ಅಳಿಯನ ಎದುರು ಸೆರಗು ಹೊದೆಯದೆ ನಿಂತವಳಲ್ಲ, ಅವರು ಕೂತ ಕಡೆ ಕೂತವಳಲ್ಲ. ಇದು ತಿಳಿದರೆ ಅನ್ನ ನೀರು ಬಿಟ್ಟುಬಿಡುತ್ತಾಳೆ. ಅದಕ್ಕೇ ಭಾವ, ಪಕ್ಕದ ಬೀದಿಯಿಂದ ಒಬ್ಬ ಹೆಂಗಸು ಬಂದು ಒಗೆದುಹೋಗುತ್ತಾಳೆಂದು ಅವ್ವನನ್ನು ನಂಬಿಸಿದ್ದರು.

ಕಣ್ಣೊರೆಸಿಕೊಂಡು ಅವ್ವನ ಬಳಿ ಹೋಗಿ ಕೂತೆ. ಅವ್ವ ನನ್ನ ಕೈ ಹಿಡಿದಳು.

"ಮಗಳೇ, ಆ ಬಟ್ಟೆ ಒಗೆಯೋಳು ಬತ್ತಾಳಲ್ಲ, ಒಂದಿನಾನೂ ತಪ್ಪಿಸ್ನಿಲ್ಲ ಕನವ್ವ. ಎಷ್ಟು ಬೆಳ್ಳಗೆ ಒಗೀತಾಳೆ! ಯಾವ್ ತಾಯಿ ಹೆತ್ತ ಮಗ್ಳೋ. ಅವ್ಳಿಗೊಂದು ಒಳ್ಳೆ ಸೀರೆ ತಂದ್ಕೊಡು."

"ಆಯ್ತು ಕನವ್ವ" ಎಂದೆ.

ಹಿತ್ತಲಿಗೆ ಹೋದಾಗ ಭಾವ ಒಣಗಿದ ತುಂಡುಗಳನ್ನು ಒಂದೊಂದಾಗಿ ಕೊಡವಿ ಮಡಿಸುತ್ತಿದ್ದರು. ತಪ್ಪಾಯಿತು ಎನ್ನಲು ಹೋದವಳು, ನಾನೂ ಒಂದು ತುಂಡು ತೆಗೆದು ಮಡಿಸತೊಡಗಿದೆ.

"ಅವ್ವ ಒಗೆಯೋಳಿಗೆ ಸೀರೆ ಕೊಡಿಸು ಅಂತಿದಾಳೆ ಭಾವ. ಯಾವ ಬಣ್ಣ ತರಲಿ?"

ಭಾವ ಕೈಯಲ್ಲಿದ್ದ ತುಂಡನ್ನು ಬಿಸಿಲಿಗೆ ಹಿಡಿದು, ಎಲ್ಲಾದರೂ ಒರಟಾಗಿದೆಯೇ ಎಂದು ಕೆನ್ನೆಗೆ ಸವರಿ ನೋಡಿದರು.

"ಬಣ್ಣ ಯಾವ್ದಾದ್ರೂ ಆಗ್ಲಿ ಕಣಮ್ಮ, ಮೆತ್ತಗಿರೋ ನೂಲಿಂದು ತತ್ತಾ. ಈ ತುಂಡೆಲ್ಲ ಸವ್ದೋಗವೆ, ಅತ್ತೆಗೆ ಇನ್ನೊಂದಷ್ಟು ಬೇಕಾಯ್ತವೆ."