ಮೇಷ್ಟ್ರು ಬಾಯಿ ಬಿಡದ ಘಟಕ

“ನಾಳೆ ಒಂದು ದಿನ ಬಾಯಿ ಮುಚ್ಕೊಂಡಿರಿ ಲಕ್ಷ್ಮೀಶ್. ಕೆಲಸ ಉಳಿಯುತ್ತೆ.”

ಇತಿಹಾಸ ವಿಭಾಗದ ಮುಖ್ಯಸ್ಥ ಉಮಾಶಂಕರ್ ಕೊಟ್ಟ ಈ ಸಲಹೆಯಿಂದಲೇ ಎಲ್ಲ ಶುರುವಾದದ್ದು.

ಲಕ್ಷ್ಮೀಶ ಅರಸೀಕೆರೆಯ ಕಾಲೇಜೊಂದರಲ್ಲಿ ಆರು ವರ್ಷದಿಂದ ಅತಿಥಿ ಉಪನ್ಯಾಸಕ. ಆರು ವರ್ಷ ಉಳಿದವನನ್ನು ಯಾವ ಮನೆಯವರೂ ಅತಿಥಿ ಎನ್ನುವುದಿಲ್ಲ, ಕಾಲೇಜಿನವರು ಎನ್ನುತ್ತಾರೆ. ಮುಂದಿನ ವರ್ಷವೂ ಕೆಲಸ ಇರಬೇಕಾದರೆ ಅವನಿಗೆ ವಾರಕ್ಕೆ ಇನ್ನೂ ನಾಲ್ಕು ಗಂಟೆಯ ಪಾಠ ಬೇಕಿತ್ತು. ಆ ನಾಲ್ಕು ಗಂಟೆಗಾಗಿ ಎರಡು ತಿಂಗಳು ಕೂತು ‘ನಮ್ಮ ಸುತ್ತಿನ ಹೊಯ್ಸಳರು’ ಎಂಬ ಹೊಸ ಪಠ್ಯ ಘಟಕ ಬರೆದಿದ್ದ. ಉದ್ದೇಶ, ಅವಧಿ, ಕ್ಷೇತ್ರ ಭೇಟಿ, ಮೌಲ್ಯಮಾಪನ, ಎಲ್ಲ ಸೇರಿ ಇಪ್ಪತ್ತೆರಡು ಪುಟ. ಅದನ್ನು ಪ್ರಯೋಗಕ್ಕಿಟ್ಟು ನೋಡಲು ವಿಶ್ವವಿದ್ಯಾಲಯದಿಂದ ಪ್ರೊಫೆಸರ್ ಮಹಾಂತೇಶ್ ಬರುವವರಿದ್ದರು.

“ಬಾಯಿ ಮುಚ್ಕೊಂಡು ಪಾಠ ಮಾಡೋದು ಹೇಗೆ ಸಾರ್?”

“ಪಾಠ ಮಾಡಿದ್ರೇ ಕೆಡೋದು ಕಣ್ರೀ. ಆ ಮನುಷ್ಯನಿಗೆ ವಿದ್ಯಾರ್ಥಿ ಕೇಂದ್ರಿತ ಅಂದ್ರೆ ಪ್ರಾಣ. ಹೋದ ತಿಂಗಳು ಯಾವುದೋ ಕಾಲೇಜಲ್ಲಿ ಮೇಷ್ಟ್ರು ಮುಕ್ಕಾಲು ಗಂಟೆ ಮಾತಾಡಿದ್ರು ಅಂತ ಇಡೀ ಘಟಕಾನೇ ಹೊಡೆದು ಹಾಕಿದ್ರಂತೆ. ಮಕ್ಕಳು ಮಾತಾಡ್ಬೇಕು, ನೀವು ಮೈಲಿಗಲ್ಲಿನ ಹಾಗೆ ನಿಂತಿರಬೇಕು.”

ಮರುದಿನ ಬೆಳಿಗ್ಗೆ ನಲವತ್ತೆರಡು ವಿದ್ಯಾರ್ಥಿಗಳನ್ನು ತುಂಬಿಕೊಂಡು ಹಳೇಬೀಡಿನ ಕಡೆ ಕ್ಷೇತ್ರ ಭೇಟಿಗೆ ಹೊರಟ ಬಾಡಿಗೆ ಬಸ್ಸು ಜಾವಗಲ್ ದಾಟುವಷ್ಟರಲ್ಲೇ ಮಹಾಂತೇಶ್ ಪಕ್ಕದ ಸೀಟಿನಿಂದ ಕೇಳಿದರು, “ಈ ಘಟಕದ ಉದ್ದೇಶ ಏನು?”

ಉದ್ದೇಶಗಳು ಲಕ್ಷ್ಮೀಶನ ನಾಲಿಗೆಯ ತುದಿಗೆ ಸಾಲಾಗಿ ಬಂದು ನಿಂತವು. ನುಂಗಿಕೊಂಡ. “ಮಕ್ಕಳನ್ನೇ ಕೇಳಿ ಸಾರ್.”

ಮಕ್ಕಳೆಲ್ಲ ಒಮ್ಮೆಗೇ ಕಿಟಕಿಯ ಆಚೆ ನೋಡತೊಡಗಿದರು. ಹಿಂದಿನ ಸೀಟಿನ ಚೇತನ್‌ಕುಮಾರ್ ಮಾತ್ರ ಕಿಟಕಿಗೆ ತಲೆ ಒರಗಿಸಿ ನಿದ್ದೆ ಮಾಡುತ್ತಿದ್ದ. ಮಹಾಂತೇಶರು ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಬಸ್ತಿಹಳ್ಳಿಯ ಬಸದಿಯಲ್ಲಿ ಇನ್ನೂ ಕೆಟ್ಟದ್ದು ಕಾದಿತ್ತು. ಅಲ್ಲಿನ ಕಂಬಗಳು ಕನ್ನಡಿಯಷ್ಟು ನಯ. ನಿದ್ದೆಯಿಂದ ಎದ್ದು ಬಂದಿದ್ದ ಚೇತನ್‌ಕುಮಾರ್ ಕಂಬದೆದುರು ನಿಂತು, ಜೇಬಿನಿಂದ ಬಾಚಣಿಗೆ ತೆಗೆದು, ಬೈತಲೆ ತಿದ್ದಿಕೊಂಡ. ಲಕ್ಷ್ಮೀಶನಿಗೆ ಅವನ ಕಿವಿ ಹಿಡಿದು ಎಳೆಯುವ ಆಸೆ. ಮೈಲಿಗಲ್ಲು ಕಿವಿ ಹಿಡಿಯುವುದಿಲ್ಲ.

“ಏನಪ್ಪಾ ಮಾಡ್ತಿದೀಯ?” ಮಹಾಂತೇಶ್ ಕೇಳಿದರು.

“ಮುಖ ಕಾಣ್ತದಾ ಅಂತ ನೋಡ್ತಿದ್ದೆ ಸಾರ್. ನಮ್ಮ ಹಾಸ್ಟೆಲ್ ಕನ್ನಡಿಗಿಂತ ಚೆನ್ನಾಗೈತೆ.”

ಮುಗಿಯಿತು ಎಂದುಕೊಂಡ ಲಕ್ಷ್ಮೀಶ. ಆದರೆ ಮಹಾಂತೇಶರು ಬರೆದುಕೊಳ್ಳುತ್ತ ತಮಗೆ ತಾವೇ ಓದಿಕೊಂಡದ್ದು ಹೀಗಿತ್ತು: “ವಿದ್ಯಾರ್ಥಿ ಸ್ವಪ್ರೇರಣೆಯಿಂದ ಶಿಲೆಯ ನುಣುಪನ್ನು ಪರೀಕ್ಷಿಸಿದನು.”

ಲಕ್ಷ್ಮೀಶ ದಂಗಾದ. ಅವನ ಆರು ವರ್ಷದ ಪಾಠಗಳಿಗೆ ಇಂಥ ಒಂದು ವಾಕ್ಯ ಯಾರೂ ಬರೆದಿರಲಿಲ್ಲ.

ಹುಲಿಕೆರೆಯ ಮೆಟ್ಟಿಲು ಕೊಳಕ್ಕೆ ಬಂದಾಗ ಮಧ್ಯಾಹ್ನ. ಕೆಳಗಿನ ಮೆಟ್ಟಿಲುಗಳಲ್ಲಿ ಪಾಚಿ ಕಟ್ಟಿತ್ತು. ‘ಹುಷಾರು’ ಎನ್ನಲು ಬಾಯಿ ತೆರೆದ ಲಕ್ಷ್ಮೀಶ ಮಹಾಂತೇಶರ ಪೆನ್ನು ಕಂಡು ಮುಚ್ಚಿದ. ಕೈಸನ್ನೆ ಮಾಡೋಣವೆಂದು ಎರಡು ಮೆಟ್ಟಿಲು ಮುಂದಿಳಿದವನೇ, ಕೊನೆಯ ಬಸ್ಸು ಕಂಡವನಂತೆ ಕೈ ಬೀಸುತ್ತ ಜಾರಿ, ಸೊಂಟದವರೆಗೆ ನೀರಿನಲ್ಲಿ ಕುಳಿತ.

ಮೇಲೆ ಹುಲ್ಲಿನ ಹೊರೆ ಇಳಿಸಿ ಕೂತಿದ್ದ ಹೆಂಗಸು ಎದ್ದು ಬಂದಳು. ಮಾದಮ್ಮ ಎಂದು ಹೆಸರು, ಅದೇ ಊರಿನವಳು.

“ಅಯ್ಯೋ ನಿನ್ ಮನೆ ಕಾಯ್ವೋಗ, ಕಣ್ಣು ಕಾಣಕಿಲ್ವಾ? ಇಷ್ಟು ಓದಿರೋರು ಮೆಟ್ಲು ಇಳಿಯಾದು ಕಲೀಲಿಲ್ವಲ್ಲ. ಹಿಡ್ಕಳಿ ಕೈಯ.”

ಅವನನ್ನು ಮೇಲೆಳೆದು, ಸುತ್ತ ಸೇರಿದ ಮಕ್ಕಳನ್ನು ನೋಡಿದ್ದೇ ಅವಳಿಗೆ ಹುಮ್ಮಸ್ಸು ಬಂತು. ಕೊಳದ ನೀರು ಎಲ್ಲಿಂದ ಬರುತ್ತದೆ, ಅತ್ತೆಯ ಕಾಲದಲ್ಲಿ ಹೂಳು ತೆಗೆದಾಗ ಏನೇನು ಸಿಕ್ಕಿತು, ಗೋಡೆಯ ಸುತ್ತಿನ ಪುಟ್ಟ ಗುಡಿಗಳಲ್ಲಿ ಯಾವುದರೊಳಗೆ ಹಾವಿದೆ, ಎಲ್ಲ ಹೇಳಿದಳು.

“ಅಗಾ ಆ ಮೆಟ್ಲು ಐತಲ್ಲ, ಅದು ಒಣಗ್ತು ಅಂದ್ರೆ ಇನ್ ಒಂದು ತಿಂಗ್ಳಿಗೆ ನಮ್ ಬಾವಿಗಳೂ ಒಣಗ್ತವೆ ಅಂತ ಲೆಕ್ಕ. ಕಟ್ಟಿಸ್ದೋನು ದಡ್ಡ ಅಲ್ಲ ಕಣ್ರವ್ವಾ.”

ಹುಡುಗಿಯರು ಬರೆದುಕೊಂಡರು. ಚೇತನ್‌ಕುಮಾರ್ ಕೂಡ ಒಂದು ಪ್ರಶ್ನೆ ಕೇಳಿದ, ಹಾವಿನ ಬಗ್ಗೆ. ಲಕ್ಷ್ಮೀಶ ಪ್ಯಾಂಟು ಹಿಂಡಿಕೊಳ್ಳುತ್ತ ಸುಮ್ಮನೆ ನಿಂತಿದ್ದ. ಮಹಾಂತೇಶರ ಪೆನ್ನು ಓಡುತ್ತಲೇ ಇತ್ತು.

ಕೊನೆಗೆ ಉಳಿದದ್ದು ವಿದ್ಯಾರ್ಥಿಗಳು ತುಂಬಬೇಕಾದ ಫೀಡ್‌ಬ್ಯಾಕ್ ಫಾರಂ. ಲಕ್ಷ್ಮೀಶನಿಗೆ ನಿಜವಾದ ಹೆದರಿಕೆ ಇದ್ದದ್ದು ಇದರ ಬಗ್ಗೆಯೇ. ಹೋದ ವರ್ಷ ಯಾರೋ ‘ಸಾರ್ ಸಿಕ್ಕಾಪಟ್ಟೆ ಕೊರೀತಾರೆ’ ಎಂದು ಬರೆದಿದ್ದರು. ಆ ತರಗತಿಯಲ್ಲಿ ಅಸೈನ್‌ಮೆಂಟ್ ಎಂದರೆ ಮೊದಲ ಬೆಂಚಿನ ಬಿಂದುಶ್ರೀ ಬರೆಯುವುದು, ಉಳಿದ ನಲವತ್ತೊಂದು ಜನ ಇಳಿಸಿಕೊಳ್ಳುವುದು. ಮೂರು ವರ್ಷ ಅದಕ್ಕೆ ಬೈದಿದ್ದ ಲಕ್ಷ್ಮೀಶ ಈಗ ಅವಳ ಕಿವಿಯ ಹತ್ತಿರ ಬಂದ.

“ನೋಡಮ್ಮಾ, ನಾನು ಏನೂ ಮಾತಾಡ್ಲಿಲ್ಲ, ನೀವೇ ಕಲಿತ್ರಿ, ಅನ್ನೋ ಅರ್ಥ ಬರೋ ಹಾಗೆ ಬರಿ. ಇವತ್ತು ಎಲ್ಲರಿಗೂ ತೋರಿಸು.”

“ನೀವೇ ಹೇಳ್ತಿದೀರಾ ಸಾರ್?” ಬಿಂದುಶ್ರೀ ಕಣ್ಣರಳಿಸಿದಳು.

“ನಾನೇ ಹೇಳ್ತಿದೀನಿ.”

ಹಳೇಬೀಡಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಮಹಾಂತೇಶ್ ಫಾರಂಗಳನ್ನು ಓದಿದರು. ಒಂದು, ಎರಡು, ಹತ್ತು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಓದಿದರು.

“ನಿಮ್ಮ ಘಟಕ ಪಾಸ್,” ಎಂದರು ಎದ್ದು ನಿಂತು ಕೈ ಕುಲುಕುತ್ತ. “ಪಾಸ್ ಅಲ್ಲ, ಇಡೀ ವಿಶ್ವವಿದ್ಯಾಲಯಕ್ಕೇ ಮಾದರಿ. ಮುಂದಿನ ವರ್ಷದಿಂದ ಎಲ್ಲ ಕಾಲೇಜಲ್ಲೂ ಇದೇ.”

ಲಕ್ಷ್ಮೀಶನ ಒದ್ದೆ ಪ್ಯಾಂಟು ಒಂದು ಕ್ಷಣದಲ್ಲಿ ಒಣಗಿದಂತಾಯಿತು. ದಿನವಿಡೀ ಹಿಡಿದಿಟ್ಟಿದ್ದ ಬಾಯಿ ತೆರೆದು ಕೇಳಿದ, “ಹಾಗಾದ್ರೆ ವಾರಕ್ಕೆ ನಾಲ್ಕು ಗಂಟೆ ಸಿಗುತ್ತಲ್ಲ ಸಾರ್?”

“ಯಾರಿಗೆ?”

“ನನಗೆ. ಪಾಠ ಮಾಡೋಕೆ.”

ಮಹಾಂತೇಶ್ ನಕ್ಕು ವರದಿಯ ಕೊನೆಯ ಪುಟ ತಿರುಗಿಸಿ ಹಿಡಿದರು. ‘ಸ್ವಯಂ ಕಲಿಕೆಯ ಘಟಕ. ತರಗತಿಯ ಅವಧಿ: ಸೊನ್ನೆ. ಉಪನ್ಯಾಸಕರ ಅಗತ್ಯ: ಇಲ್ಲ. ಸ್ಥಳೀಯ ಸಂಪನ್ಮೂಲ ವ್ಯಕ್ತಿ: ಶ್ರೀಮತಿ ಮಾದಮ್ಮ, ಹುಲಿಕೆರೆ.’

“ತನ್ನ ಅಗತ್ಯಾನೇ ಇಲ್ಲ ಅನ್ನೋ ಹಾಗೆ ಘಟಕ ಮಾಡಿದ ಮೇಷ್ಟ್ರನ್ನ ನಾನು ನೋಡಿರಲಿಲ್ಲ ಕಣ್ರೀ. ನಲವತ್ತೆರಡು ಜನ ಒಂದೇ ಮಾತು ಬರೆದಿದ್ದಾರೆ. ಬೇಕಾದ್ರೆ ನೋಡಿ.”

ಲಕ್ಷ್ಮೀಶ ಕಟ್ಟನ್ನು ಕಸಿದುಕೊಂಡ. ‘ಉಪನ್ಯಾಸಕರು ಏನನ್ನೂ ಹೇಳಲಿಲ್ಲ. ನಾವೇ ಕಲಿತೆವು. ಅವರು ಬರದಿದ್ದರೂ ಕಲಿಯುತ್ತಿದ್ದೆವು.’ ಮೊದಲ ಫಾರಂ ಬಿಂದುಶ್ರೀಯದು. ಎರಡನೆಯದೂ ಅದೇ. ಮೂರನೆಯದೂ ಅದೇ. ಅವನಿಗೆ ಒಂದೇ ಆಸೆ ಉಳಿಯಿತು: ಚೇತನ್‌ಕುಮಾರ್. ನಕಲು ಹೊಡೆಯುವಾಗ ಸಾಲು ನುಂಗದೆ, ಒಂದಕ್ಕೆ ಇನ್ನೊಂದು ಬರೆಯದೆ ಆ ಹುಡುಗ ಯಾವತ್ತೂ ಬಿಟ್ಟವನಲ್ಲ. ಒಬ್ಬನಾದರೂ ಬೇರೆ ಬರೆದಿದ್ದರೆ ವಾದ ಮಾಡಬಹುದು.

ಕಟ್ಟಿನ ತಳಕ್ಕೆ ಹೋದರೂ ಅವನ ಹೆಸರಿನ ಫಾರಂ ಸಿಗಲಿಲ್ಲ. ಸಿಕ್ಕಿದ್ದು ಬಿಂದುಶ್ರೀಯ ಹೆಸರಿನ ಎರಡನೇ ಫಾರಂ, ಬಾಚಣಿಗೆಯ ಹಲ್ಲಿನಂಥ ಅಕ್ಷರದಲ್ಲಿ.

ಮೂರು ವರ್ಷದಲ್ಲಿ ಮೊದಲ ಸಲ ಚೇತನ್‌ಕುಮಾರ್ ಏನನ್ನೂ ಬಿಡದೆ ಇಳಿಸಿಕೊಂಡಿದ್ದ.